ಅಮ್ಮನ ಶನಿವಾರದ ತಟ್ಟೆ ಮತ್ತು ಪಾತ್ರೆ ತೊಳೆಯೋ ಮಷೀನು

ಓದೋ ಎಲ್ಲರಿಗೂ ನಮಸ್ಕಾರ. ನಾನು ಬರೆಯೋನಲ್ಲ, ಮೋಟಾರಿಗೆ ತಂತಿ ಸುತ್ತೋನು. ಎಸ್ಸೆಸ್ಸೆಲ್ಸಿ ಪಾಸಾದಾಗ ನಂಗೆ ಇಪ್ಪತ್ತೊಂಬತ್ತು ವರ್ಷ. ಪರೀಕ್ಷೆ ಕೋಣೆಗೆ ಕಾಲಿಟ್ಟಾಗ ಹುಡುಗರೆಲ್ಲ ನನ್ನನ್ನ ಮೇಷ್ಟ್ರು ಅಂದ್ಕೊಂಡು ಎದ್ದು ನಿಂತಿದ್ರು. ಈಗ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡ್ತಿದೀನಿ. ಒತ್ತು ಬಿಟ್ಟು ಹೋಗಿದ್ರೆ, ದೀರ್ಘ ಎಲ್ಲಾದ್ರೂ ಜಾರಿ ಬಿದ್ದಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎಂಬತ್ತರ ದಶಕದ ನಡುವಿನ ಮಾತಿದು. ಸಾಗರದಲ್ಲಿ ನಂದೊಂದು ಸಣ್ಣ ಅಂಗಡಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನ ಬಿಚ್ಚಿ ಹೊಸ ತಂತಿ ಸುತ್ತೋದು. ಅಂಗಡಿ ಹಿಂದೇನೇ ಬಾಡಿಗೆ ಮನೆ. ಮನೇಲಿ ಮೂರೇ ಜನ: ಅಮ್ಮ, ನನ್ನ ಹೆಂಡ್ತಿ, ನಾನು.

ಆ ವರ್ಷ ದೀಪಾವಳಿ ಕಳೆದ ಮೇಲೆ ಹೆಂಡ್ತಿ ಕೈ ಕೆಟ್ಟಿತು. ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ನೀರು ಒಸರೋದು. ಅವಳು ಮನೇಲೇ ರವಿಕೆ ಹೊಲೀತಿದ್ಲು. ಬಟ್ಟೆ ಮುಟ್ಟಿದ್ರೆ ಕಲೆ, ಸೂಜಿ ಹಿಡಿದ್ರೆ ಕಣ್ಣಲ್ಲಿ ನೀರು. ಡಾಕ್ಟ್ರು ಕೈ ತಿರುಗಿಸಿ ಮುರುಗಿಸಿ ನೋಡಿ, ಎರಡು ತಿಂಗಳು ಬೂದಿ, ಸೋಪು, ಮುಸುರೆ ನೀರು ಯಾವುದನ್ನೂ ಮುಟ್ಟಬೇಡಿ ಅಂದ್ರು.

ಆ ಎರಡು ತಿಂಗಳ ತುದೀಲೇ ಅವಳ ಹೊಲಿಗೆ ಪರೀಕ್ಷೆ ಇತ್ತು, ತೀರ್ಥಹಳ್ಳೀಲಿ. ಪರೀಕ್ಷಕರ ಮುಂದೆ ಕೂತು, ಬಿಳೀ ಬಟ್ಟೇಲಿ ಮಗೂ ಅಂಗಿ ಹೊಲಿದು ತೋರಿಸಬೇಕು. ಪಾಸಾದ್ರೆ ಹೊಲಿಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಅವಳು ಮೂರು ವರ್ಷದಿಂದ ಕಾದಿದ್ಲು. ಬಿಳೀ ಬಟ್ಟೆ ಮೇಲೆ ಒಂದು ಹನಿ ಕೀವು ಬಿದ್ರೂ ಎಲ್ಲ ಮುಗೀತು. "ಎರಡು ತಿಂಗಳು ನನ್ನ ಕೈ ಒಣಗಿರೋ ಹಂಗೆ ನೋಡ್ಕೊಳ್ಳಿ, ಉಳಿದಿದ್ದು ನಾನು ನೋಡ್ಕೋತೀನಿ" ಅಂದ್ಲು. ನಾನು ಆಯ್ತು ಅಂದೆ. ಅಮ್ಮನ ಮುಂದೇನೇ ಅಂದೆ.

ಈಗ ಪಾತ್ರೆ ತಿಕ್ಕೋರು ಯಾರು? ಅಮ್ಮನಿಗೆ ಸೊಂಟ ನೋವು. ಬಾವಿಕಟ್ಟೆ ಹತ್ರ ಇದ್ದ ಮುಸುರೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ್ರೆ ಏಳೋಕೆ ಇಬ್ರು ಬೇಕು. ಹಂಗಾಗಿ ನಾನೇ ಕೂತೆ. ಆಗಿನ ಕಾಲದಲ್ಲಿ ಗಂಡಸು ಮುಸುರೆ ತಿಕ್ಕೋದು ಅಂದ್ರೆ ಊರಿಗೆಲ್ಲ ಸುದ್ದಿ. ಹಿತ್ತಲ ಬಾಗಿಲು ಹಾಕ್ಕೊಂಡು, ರೇಡಿಯೋ ಜೋರಾಗಿ ಹಚ್ಚಿ ತಿಕ್ಕೋದು. ಅಮ್ಮ ಬಾಗಿಲ ಸಂದೀಲಿ ನಿಂತು ಹೇಳೋಳು: "ಅದು ಮೋಟಾರಲ್ಲ ಮಾರಾಯ, ಅನ್ನದ ಪಾತ್ರೆ. ಹಂಗೆ ಕೆರೀಬೇಡ, ತಳ ತೂತಾಗ್ತದೆ."

ನಾಲ್ಕನೇ ದಿನವೇ ಸಿಕ್ಕಿಬಿದ್ದೆ. ತಾಳಗುಪ್ಪದ ಕಡೆಯಿಂದ ಮೋಟಾರು ತಂದಿದ್ದ ಗಿರಾಕಿಯೊಬ್ರು ಅಂಗಡೀಲಿ ಯಾರೂ ಇಲ್ಲ ಅಂತ ಸೀದಾ ಹಿಂದಕ್ಕೆ ಬಂದ್ಬಿಟ್ರು. ನನ್ನ ಒಂದು ಕೈಲಿ ತೆಂಗಿನ ನಾರು, ಇನ್ನೊಂದರಲ್ಲಿ ದೋಸೆ ಕಾವಲಿ.

"ಎಂತದ್ರೀ ಇದು?"

"ಕಾವಲಿ ರಿಪೇರಿಗೆ ಬಂದಿತ್ತು" ಅಂದೆ. ಬಾಯಿಗೆ ಬಂದಿದ್ದು ಅಷ್ಟೇ.

ಅವ್ರು ಕಾವಲಿ ನೋಡಿದ್ರು, ನನ್ನ ಮೊಣಕೈವರೆಗಿನ ಬೂದಿ ನೋಡಿದ್ರು. "ಹಂಗಾದ್ರೆ ನಾಳೆ ನಮ್ಮನೇದೂ ತರ್ತೀನಿ" ಅಂದ್ರು. ಒಂದು ವಾರ ಸಾಗರದ ಪೇಟೇಲಿ ತಲೆ ಎತ್ತಿ ಓಡಾಡೋಕೆ ಆಗ್ಲಿಲ್ಲ ನಂಗೆ.

ಆ ವಾರದಲ್ಲೇ ರಿಪ್ಪನ್‌ಪೇಟೇಲಿ ಒಂದು ಮನೆಗೆ ಪಂಪ್‌ಸೆಟ್ ಕೂರಿಸೋಕೆ ಹೋಗಿದ್ದೆ. ಆ ಮನೆ ಯಜಮಾನ್ರು ಕೊಲ್ಲಿ ದೇಶದಲ್ಲಿ ಕೆಲಸ ಮಾಡಿ ವಾಪಸ್ ಬಂದಿದ್ರು. ಊಟಕ್ಕೆ ಕೂತಾಗ ಅವರ ತಾಯಿ ಮೂಲೆಯಲ್ಲಿದ್ದ ಬಿಳೀ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿಂದ ಹಪ್ಪಳ ತೆಗೆದ್ರು. ಒಳಗೆಲ್ಲ ಫಳಫಳ ಸ್ಟೀಲು, ತಂತಿಯ ಎರಡು ಅಟ್ಟಣಿಗೆ, ಅದರ ತುಂಬ ಹಪ್ಪಳ, ಸಂಡಿಗೆ.

"ಎಂತ ಬೀರು ಅಮ್ಮ ಇದು?" ಅಂತ ಕೇಳಿದೆ.

"ಪಾತ್ರೆ ತೊಳೆಯೋ ಮಷೀನಂತೆ" ಅಂದ್ರು ಆ ತಾಯಿ. "ಮಗ ಹಡಗಲ್ಲಿ ಹಾಕಿಸ್ಕೊಂಡು ಬಂದ. ನಂಗೆ ಇದರಿಂದ ಭಾರೀ ಉಪಕಾರ ಆಗಿದೆ, ಒಳಗೆ ಇರುವೆ ನುಗ್ಗಲ್ಲ."

ನಾನು ಊಟ ಅರ್ಧಕ್ಕೇ ಬಿಟ್ಟು ಅದರ ಮುಂದೆ ಹೋಗಿ ಕೂತೆ. ಯಜಮಾನ್ರನ್ನ ಕೇಳಿದ್ರೆ, ತಂದ ದಿನ ಸ್ವಿಚ್ ಹಾಕಿದಾಗ ಬರೀ ಗುಂಯ್ ಅಂದಿತ್ತಂತೆ, ಆಮೇಲೆ ಯಾರೂ ಮುಟ್ಟಿಲ್ಲವಂತೆ. "ನಿಮಗೆ ಬೇಕಾದ್ರೆ ಹೊತ್ಕೊಂಡು ಹೋಗಿ, ಜಾಗ ಆಗ್ತದೆ" ಅಂದ್ರು. ಅವರ ತಾಯಿ ಮಾತ್ರ ಹಪ್ಪಳಕ್ಕೆ ಒಂದು ದೊಡ್ಡ ಡಬ್ಬಿ ತಂದುಕೊಡೋವರೆಗೆ ಬಿಡ್ಲಿಲ್ಲ.

ಬಸ್ಸಿನ ಟಾಪಿಗೆ ಅದನ್ನ ಹತ್ತಿಸೋಕೆ ನಾಲ್ಕು ಜನ ಬೇಕಾಯ್ತು. ಕಂಡಕ್ಟರು ಕೇಳಿದ, "ಎಂತ ಮಾರಾಯ್ರೇ, ತಿಜೋರಿಯಾ?"

"ಅಲ್ಲ, ಪಾತ್ರೆ ತೊಳೆಯೋದು."

"ನಮ್ಮನೇಲೂ ಒಂದಿದೆ. ಅದು ಟಾಪಿಗೆ ಹತ್ತಲ್ಲ, ಸೀಟೇ ಬೇಕು ಅಂತದೆ."

ಮುಂದಿನ ಸೀಟಲ್ಲಿದ್ದ ಹೆಂಗಸೊಬ್ರು ತಿರುಗಿ ನೋಡಿದ್ರು. "ಈ ಮಾತು ಮನೇಲಿ ಹೇಳು ನೋಡುವ, ಊಟಕ್ಕೆ ತಟ್ಟೆ ಸಿಗ್ತದಾ ಅಂತ." ಕಂಡಕ್ಟರು ಸಾಗರ ಬರೋವರೆಗೆ ಆ ಸೀಟಿನ ಕಡೆ ಹೋಗ್ಲಿಲ್ಲ.

ಮಷೀನಿನ ಜೊತೆ ಒಂದು ಪುಸ್ತಕ ಇತ್ತು. ಭಾಷೆ ಯಾವುದೋ ದೇವರಿಗೇ ಗೊತ್ತು. ಚಿತ್ರ ನೋಡ್ಕೊಂಡೇ ಹೋದೆ. ಒಂದು ಚಿತ್ರದಲ್ಲಿ ಮಷೀನಿನ ತಳಕ್ಕೆ ಉಪ್ಪು ಹಾಕೋದು ತೋರಿಸಿತ್ತು. ಅಮ್ಮ ಬಗ್ಗಿ ನೋಡಿ, "ಉಪ್ಪಿನಕಾಯಿನೂ ಹಾಕ್ತದಾ ಇದು?" ಅಂದ್ಲು. ಉಪ್ಪು ಗಡಸು ನೀರಿರೋರಿಗೆ ಇರಬೇಕು, ನಮ್ಮ ಬಾವಿ ನೀರಲ್ಲಿ ಸೋಪು ಚೆನ್ನಾಗೇ ನೊರೆ ಬರ್ತದೆ, ಬೇಡ ಅಂತ ಆ ಹಾಳೆ ಮಗುಚಿದೆ.

ಮೊದಲು ನೀರಿಗೆ ದಾರಿ ಮಾಡಬೇಕಿತ್ತು. ನೀರು ಒತ್ತಡದಲ್ಲಿ ಬಂದ್ರೆ ಮಾತ್ರ ಮಷೀನಿನ ವಾಲ್ವು ನೀರು ಬಿಡೋದು. ನಮ್ಮನೇಲಿ ಇದ್ದಿದ್ದು ಬಾವಿ. ಅದಕ್ಕೆ ಹಿತ್ತಲಿನ ಹಲಸಿನ ಮರದ ಕವಲಿಗೆ ಒಂದು ಡ್ರಮ್ಮು ಕಟ್ಟಿ, ಅಂಗಡಿಯ ಹಳೇ ಪಂಪಿಂದ ಬಾವಿ ನೀರು ಅದಕ್ಕೆ ಏರಿಸಿ, ಅಲ್ಲಿಂದ ಪೈಪು ಎಳೆದೆ. ಪಕ್ಕದ ಮನೆಯವರು ಬೇಲಿ ಮೇಲಿಂದ ಕೂಗಿದ್ರು, "ಈ ಸಲ ಹಲಸಿಗೆ ಡ್ರಮ್ಮು ಬಿಟ್ಟಿದೆಯಲ್ರೀ, ತೊಳೆ ಹೆಂಗಿದಾವೆ?"

ಸ್ವಿಚ್ ಹಾಕಿದೆ. ಗುಂಯ್ ಅಂತು, ತಿರುಗ್ಲಿಲ್ಲ. ಮೋಟಾರು ಗುಂಯ್ ಅನ್ನೋದು ಅಂದ್ರೆ ನಂಗೆ ಹಳೇ ನೆಂಟರು ಮಾತಾಡಿಸಿದ ಹಂಗೆ. ಮೋಟಾರಿಗೆ ಮೊದಲ ತಳ್ಳು ಕೊಡೋ ಕೆಪಾಸಿಟರ್ ಸತ್ತಿರಬೇಕು, ಇಲ್ಲಾಂದ್ರೆ ಒಳಗೆ ಎಂತದೋ ಸಿಕ್ಕಿಹಾಕ್ಕೊಂಡಿರಬೇಕು. ನಮ್ಮ ಮಷೀನಿಗೆ ಎರಡೂ ಆಗಿತ್ತು. ಪಂಪ್‌ಸೆಟ್ಟಿಂದು ಒಂದು ಕೆಪಾಸಿಟರ್ ಹಾಕಿದೆ. ನೀರು ಚಿಮ್ಮಿಸೋ ಪಂಪಿನ ರೆಕ್ಕೆ ಬಿಚ್ಚಿದಾಗ ಒಂದು ಹಿಡಿ ಅಕ್ಕಿ ಸಂಡಿಗೆ, ಅರ್ಧ ಮೆಣಸಿನಕಾಯಿ ಬಂತು. ಹೆಂಡ್ತಿ ನಕ್ಕಿದ್ದು ಒಂದು ತಿಂಗಳಲ್ಲಿ ಅವತ್ತೇ ಮೊದಲು. "ಎಣ್ಣೆ ಕಾಸ್ಲಾ?" ಅಂದ್ಲು.

ಎರಡನೇ ಸಲ ತಿರುಗಿತು, ಆದ್ರೆ ಬಾಗಿಲ ಸುತ್ತ ನೀರು ಸೋರಿತು. ರಬ್ಬರು ಒಣಗಿ ಬಿರಿದಿತ್ತು. ಸೈಕಲ್ ಟ್ಯೂಬು ಸೀಳಿ ಅಂಟಿಸಿದೆ. ಮೂರನೇ ಸಲ ನಾನು ಮಾಡಿದ ತಪ್ಪಿಗೆ ನಾನೇ ಹೊಣೆ: ಬಟ್ಟೆ ಒಗೆಯೋ ಪುಡಿ ಹಾಕಿದೆ. ಹತ್ತು ನಿಮಿಷಕ್ಕೆ ಬಾಗಿಲ ಸಂದೀಲಿ ನೊರೆ ಇಣುಕಿತು. ಆಮೇಲೆ ಅಡಿಗೆ ಮನೆ ದಾಟಿ, ನಡುಮನೆ ದಾಟಿ, ಮೆಟ್ಟಿಲಿಳಿದು ಅಂಗಡಿಗೇ ಬಂತು. ಮೋಟಾರು ಕೇಳೋಕೆ ಬಂದಿದ್ದ ಗಿರಾಕಿ ಕಾಲೆತ್ತಿ ಬೆಂಚಿನ ಮೇಲೆ ಇಟ್ಕೊಂಡು, "ನಿಮ್ಮನೇಲಿ ಯಾರೋ ಜೋರು ಸ್ನಾನ ಮಾಡ್ತಿದಾರೆ" ಅಂದ್ರು. ಆಮೇಲೆ ಬಟ್ಟೆ ಸೋಡಾ ಒಂದೇ ಒಂದು ಚಮಚ ಹಾಕಿ ನೋಡಿದೆ. ನೊರೆ ಇಲ್ಲ, ಜಿಡ್ಡು ಪೂರಾ ಹೋಗಿತ್ತು.

ಲೋಟ ಹೊರಗೆ ತೆಗೆದು ಹೆಂಡ್ತಿ ಕೈಗೆ ಕೊಟ್ಟೆ. ಬಿಸಿ ಇತ್ತು, ಒಣಗಿತ್ತು. ಅವಳು ಅದನ್ನ ಕೆನ್ನೆಗೆ ಒತ್ಕೊಂಡು ನಿಂತ್ಲು. ಒಂದು ವಾರಕ್ಕೆ ಬೆರಳ ಬಿರುಕು ಮುಚ್ಚೋಕೆ ಶುರುವಾಯ್ತು, ಎರಡನೇ ವಾರ ಸೂಜಿ ಹಿಡಿದ್ಲು. ನಂಗಂತೂ ನಾನೇ ಆ ಮಷೀನು ಕಂಡುಹಿಡಿದ ಹಂಗೆ ಆಗಿಬಿಟ್ಟಿತ್ತು.

ಅಮ್ಮ ಮಾತ್ರ ದಿನಾ ಒಂದು ಮಣೆ ಹಾಕ್ಕೊಂಡು ಮಷೀನಿನ ಎದುರು ಕೂತು ಅದರ ಸದ್ದು ಕೇಳೋಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಮೀನು ತಿನ್ನೋರು. ಆದ್ರೆ ಅಮ್ಮ ಶನಿವಾರ ಒಂದು ಹೊತ್ತು ಉಪವಾಸ, ಇನ್ನೊಂದು ಹೊತ್ತು ಮೀನಿಲ್ಲದ ಸಪ್ಪೆ ಊಟ. ಆ ಊಟಕ್ಕೆ ಅಂತಲೇ ಅವಳ ತಾಯಿ ಮನೆಯಿಂದ ಬಂದ ಒಂದು ಕಂಚಿನ ತಟ್ಟೆ. ಅದಕ್ಕೆ ಮೀನಿನ ಗಾಳಿನೂ ತಾಗಬಾರದು. ವಾರವಿಡೀ ಗೂಡಲ್ಲಿ ಮಗುಚಿ ಇಟ್ಟಿರ್ತದೆ.

ಒಂದು ಶುಕ್ರವಾರ ಯಾರೋ ಹಿನ್ನೀರಿನ ಮೀನು ತಂದುಕೊಟ್ರು, ಚೆನ್ನಾಗಿ ಉಂಡ್ವಿ. ನಾನು ಪಾತ್ರೆ ಜೋಡಿಸುವಾಗ, ಅಮ್ಮನ ಕಂಚಿನ ತಟ್ಟೆ ಮಂಕಾಗಿದೆಯಲ್ಲ, ನಾಳೆಗೆ ಹೊಳೀಲಿ ಅಂತ ಪ್ರೀತಿಯಿಂದ ಅದನ್ನೂ ಒಳಗಿಟ್ಟೆ.

ಶನಿವಾರ ಅಮ್ಮ ಗೂಡು ನೋಡಿದ್ಲು. "ನನ್ನ ತಟ್ಟೆ ಎಲ್ಲಿ?"

"ಮಷೀನಲ್ಲಿದೆ ಅಮ್ಮ. ನೋಡು ಹೆಂಗೆ ಹೊಳೀತದೆ."

"ಅದರ ಜೊತೆ ಎಂತೆಂತ ಇತ್ತು?"

"ನಿನ್ನೆದೆಲ್ಲ ಇತ್ತು."

"ಮೀನಿಂದೂ?"

"ಅದು ಕೆಳಗಿನ ಅಟ್ಟಣಿಗೇಲಿ."

ಅಮ್ಮ ತಟ್ಟೆ ಹೊರಗೆ ತೆಗೆದು ಮೂಸಿ ನೋಡಿದ್ಲು. ಆಮೇಲೆ ಕೇಳಿದ್ಲು, "ಹೋಗ್ಲಿ, ನೀರು ಬೇರೆ ಬೇರೆ ತಾನೇ?"

ಹೌದು ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಆದ್ರೆ ನಾನು ಕಷ್ಟಪಟ್ಟು ಓದಿದೋನು ನೋಡಿ, ಯಾರಾದ್ರೂ ಮಷೀನಿನ ಬಗ್ಗೆ ಕೇಳಿದ್ರೆ ತಡೆಯೋಕಾಗಲ್ಲ. "ಅದೇ ಇದರ ದೊಡ್ಡಸ್ತಿಕೆ ಅಮ್ಮ!" ಅಂದೆ. "ಒಂದು ಸಲ ಅರ್ಧ ಕೊಡ ನೀರು ತಗೊಂಡ್ರೆ ಅದೇ ನೀರು ತಳದಿಂದ ಮೇಲಕ್ಕೆ, ಮೇಲಿಂದ ತಳಕ್ಕೆ, ಸುತ್ತಿ ಸುತ್ತಿ ಎಲ್ಲ ಪಾತ್ರೆಗೂ ಹೊಡೀತದೆ. ಕೊನೆಗೊಂದು ಸಲ ಬೇರೆ ನೀರು. ಎಷ್ಟು ನೀರು ಉಳೀತು ನೋಡು!"

ಬಾಗಿಲಲ್ಲಿ ನಿಂತಿದ್ದ ಹೆಂಡ್ತಿ ಬೇಡ ಬೇಡ ಅಂತ ಕೈಸನ್ನೆ ಮಾಡ್ತಿದ್ಲಂತೆ. ನಂಗೆ ಕಾಣ್ಲಿಲ್ಲ.

"ಅದೇ ನೀರು" ಅಂದ್ಲು ಅಮ್ಮ. ಬೈಲಿಲ್ಲ, ಕೂಗಾಡ್ಲಿಲ್ಲ. ತಟ್ಟೆ ತಗೊಂಡು ಮುಸುರೆ ಕಲ್ಲಿನ ಹತ್ರ ಹೋಗಿ ಕೂತು, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿದ್ಲು. ಮೂರು ಸಲ ತಿಕ್ಕಿದ್ಲು. ಆಮೇಲೆ ಏಳೋಕೆ ಆಗ್ಲಿಲ್ಲ. ನಾನೂ ಪಕ್ಕದ ಮನೆಯವರೂ ಸೇರಿ ಎತ್ತಿ ಮಲಗಿಸಿದ್ವಿ. ಅವತ್ತಿಂದ ಮಷೀನಲ್ಲಿ ತೊಳೆದ ಪಾತ್ರೇಲಿ ನಾನು ಉಣ್ಣಲ್ಲ ಅಂತ ಬಾಳೆಎಲೆ ಹಾಕಿಸ್ಕೊಂಡ್ಲು. ಅಡಿಗೆ ಪಾತ್ರೆನೂ ಅದರಲ್ಲಿ ತೊಳೀಬಾರದು ಅಂದ್ಲು.

ಎರಡು ದಿನ ಬಿಟ್ಟು ನಾನು ಅಂಗಡಿಯಿಂದ ಒಳಗೆ ಬಂದಾಗ ಹೆಂಡ್ತಿ ಮುಸುರೆ ಕಲ್ಲಿನ ಮುಂದೆ ಕೂತಿದ್ಲು. ಕೈ ಪೂರ್ತಿ ಬೂದಿ ನೀರಲ್ಲಿ.

"ಎಂತ ಮಾಡ್ತಿದೀಯ?"

"ಮತ್ತೆಂತ ಮಾಡ್ಲಿ? ಅತ್ತೆ ಮಲಗಿದಲ್ಲೇ ಎಲೇಲಿ ಉಣ್ತಿರುವಾಗ ನಾನು ಕೈ ಕಟ್ಕೊಂಡು ಮಷೀನು ನೋಡ್ತಾ ಕೂರ್ಲಾ?" ಆಮೇಲೆ ಕೈ ಎತ್ತಿ ತೋರಿಸಿದ್ಲು. ಎರಡು ಬೆರಳ ಸಂದಿ ಮತ್ತೆ ಕೆಂಪಗಾಗಿತ್ತು. "ನೀವು ಇಂಜಿನಿಯರ್ ಆಗೋಕೆ ಹೋಗಿ ನನ್ನ ಪರೀಕ್ಷೆ ತೊಳೆದ್ರಿ."

ಪರೀಕ್ಷೆಗೆ ಇನ್ನು ಹದಿನೆಂಟು ದಿನ. ನಾನು ಅಮ್ಮನ ಮಂಚದ ಹತ್ರ ಕೂತು ಬೇಡ್ಕೊಂಡೆ. ಕಂಚಿನ ತಟ್ಟೆ ಇನ್ನು ಮುಟ್ಟಲ್ಲ, ಮೀನಿನ ಪಾತ್ರೆ ನಾನೇ ಕೈಯಲ್ಲಿ ತಿಕ್ತೀನಿ, ಬಾಗಿಲು ತೆರೆದಿಟ್ಟೇ ತಿಕ್ತೀನಿ ಅಂದೆ. ಅಮ್ಮ ಸೊಸೆ ಕೈ ನೋಡಿದ್ಲು. "ಪರೀಕ್ಷೆವರೆಗೆ ಮಾತ್ರ" ಅಂತ ಒಪ್ಪಿದ್ಲು. ಅಷ್ಟು ಬೇಗ ಒಪ್ಪಿದಾಗಲೇ ನಂಗೆ ಅನುಮಾನ ಬರಬೇಕಿತ್ತು.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮಷೀನು ಕರಕರ ಅಂತು. ಆರನೇ ದಿನ ಕೆಮ್ಮಿತು. ಏಳನೇ ದಿನ ನೀರು ಹೊರಗೆ ಹೋಗದೆ ಹೊಟ್ಟೇಲೇ ಇಟ್ಕೊಂಡು ನಿಂತುಬಿಡ್ತು. ಬಿಚ್ಚಿ ನೋಡೋಕೆ ನಾನೂ ಪಕ್ಕದ ಮನೆಯವರೂ ಸೇರಿ ಅದನ್ನ ಹಿತ್ತಲಿಗೆ ಹೊತ್ತು, ಸಿಮೆಂಟ್ ಇಟ್ಟಿಗೆ ಮೇಲೆ ಎತ್ತರಕ್ಕೆ ಕೂರಿಸಿದ್ವಿ. ಅಡಿ ತಗಡು ತೆಗೆದೆ. ಜಾಲರಿ ಇದ್ದ ಜಾಗದಲ್ಲಿ ಒಂದು ಕಪ್ಪು ಮುದ್ದೆ, ರಾಗಿ ಮುದ್ದೆ ಗಾತ್ರದ್ದು. ಮೂಸಿ ನೋಡಿದೆ. ಬೂದಿ. ನುಣ್ಣಗೆ ಜರಡಿ ಹಿಡಿದ ಒಲೆ ಬೂದಿ, ಜೊತೆಗೆ ಹುಣಸೆಹಣ್ಣಿನ ನಾರು.

ಅಮ್ಮ ಪಕ್ಕದಲ್ಲೇ ನಿಂತಿದ್ಲು. ಅವಳ ಸೊಂಟ ಆಗ ಸ್ವಲ್ಪ ಸುಧಾರಿಸಿತ್ತು.

"ಅಮ್ಮ, ಇದು ನೀನು ಹಾಕಿದ್ದಾ?"

"ಹೌದಪ್ಪ. ದಿನಾ ಒಂದು ಹಿಡಿ. ಅದೇ ನೀರು ಸುತ್ತೋದಾದ್ರೆ ಬೂದಿ ಆದ್ರೂ ಸೇರಿ ಸುತ್ತಲಿ ಅಂತ. ನಿನ್ನ ಪುಸ್ತಕದಲ್ಲಿ ಉಪ್ಪು ಹಾಕು ಅಂತ ಬರೆದೋನಿಗೆ ಬೂದಿ ಗೊತ್ತಿರ್ಲಿಕ್ಕಿಲ್ಲ."

ಪಂಪಿನ ಬುಶ್ಶು, ಅಂದ್ರೆ ಅಚ್ಚು ತಿರುಗೋ ಲೋಹದ ಬಳೆ, ಬೂದಿಗೆ ತೇದು ತೇದು ಕಾಗದ ಆಗಿತ್ತು. ಆ ಅಳತೆ ಬುಶ್ಶು ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಲೇತ್ ಮಷೀನಲ್ಲಿ ಕಡೆಸಿ ಮಾಡಿಸೋಣ ಅಂದ್ರೆ ಹದಿನೈದು ದಿನ. ಪರೀಕ್ಷೆಗೆ ಇದ್ದಿದ್ದು ಹನ್ನೊಂದು. ನಾನು ಸ್ಪ್ಯಾನರ್ ಕೆಳಗಿಟ್ಟು ಕೂತುಬಿಟ್ಟೆ.

ಅಮ್ಮನಿಗೆ ನನ್ನ ಮುಖ ನೋಡೋಕಾಗ್ಲಿಲ್ಲ ಅಂತ ಕಾಣ್ತದೆ. ಸುಮ್ನಿರೋಕೂ ಗೊತ್ತಿಲ್ಲ ಅವಳಿಗೆ. ಮಷೀನಿನ ತಲೆ ಮೇಲೆ ಯಾರೋ ಇಟ್ಟಿದ್ದ ಸಾರಿನ ಪಾತ್ರೆ ಇತ್ತು. ಹಲಸಿನ ಮರದಿಂದ ಇಳಿದ ಪೈಪು ಅಲ್ಲೇ ತೊಟ್ಟಿಕ್ಕುತ್ತಿತ್ತು. ಆ ನೀರು ಹಿಡಿದು, ಮಷೀನಿನ ತಲೆ ಮೇಲೇ ಪಾತ್ರೆ ತಿಕ್ಕೋಕೆ ಶುರು ಮಾಡಿದ್ಲು. ತಿಕ್ಕುತ್ತಾ ನಂಗೆ ಬೈದ್ಲು, ಮಷೀನಿಗೆ ಬೈದ್ಲು, ಹಡಗಿಗೆ ಬೈದ್ಲು. ಸಾರಿನ ಪಾತ್ರೆ ಆಯ್ತು, ಅನ್ನದ ಪಾತ್ರೆ ತರಿಸ್ಕೊಂಡ್ಲು, ಲೋಟ ತರಿಸ್ಕೊಂಡ್ಲು. ಅರ್ಧ ಗಂಟೆ ಆಯ್ತು.

ಹೆಂಡ್ತಿಗೇ ಮೊದಲು ಹೊಳೀತು. "ಅತ್ತೆ, ಸೊಂಟ ನೋವಿಲ್ವಾ?"

"ಬಗ್ಗಿದ್ರಲ್ವಾ ಮಾರಾಯ್ತಿ ನೋವು, ನಿಂತಿದೀನಲ್ಲ!" ಅಂದ್ಲು ಅಮ್ಮ. ಹಂಗಂದು ತಾನೇ ತಿಕ್ಕೋದು ನಿಲ್ಲಿಸಿ ನನ್ನನ್ನ ನೋಡಿದ್ಲು. ನಾನೂ ಅವಳನ್ನ ನೋಡಿದೆ. ಇಷ್ಟು ವರ್ಷ ನಮ್ಮ ಮನೇಲಿ ಯಾರಿಗೂ ಪಾತ್ರೆ ನಿಂತು ತಿಕ್ಕಬಹುದು ಅಂತ ತಲೆಗೇ ಹೋಗಿರ್ಲಿಲ್ಲ. ಮುಸುರೆ ಕಲ್ಲು ನೆಲದಲ್ಲಿದೆ, ಹಂಗಾಗಿ ಮನುಷ್ಯರು ನೆಲಕ್ಕೆ ಹೋಗಬೇಕು, ಅಷ್ಟೇ.

ಅವತ್ತೇ ಕೆಲಸಕ್ಕೆ ಇಳಿದೆ. ಮಷೀನಿನ ಮೇಲಿನ ತಗಡು ಬಿಚ್ಚಿ, ಒಂದು ದೊಡ್ಡ ಬೋಗುಣಿಯ ತಳಕ್ಕೆ ತೂತು ಕೊರೆದು ಅಲ್ಲಿ ಕೂರಿಸಿದೆ. ಒಳಗಿನ ಸ್ಟೀಲಿನ ಚಾವಣಿಗೂ ತೂತು ಮಾಡಿದೆ. ಪಂಪು, ಮೋಟಾರು ಎಲ್ಲ ಹೊರಗೆ. ತೊಳೆದ ನೀರು ಮಷೀನಿನ ಹೊಟ್ಟೆಗೆ ಬಿದ್ದು ಅದರದೇ ಪೈಪಲ್ಲಿ ಚರಂಡಿಗೆ ಹೋಗೋದು. ಮೇಲೆ ಹಲಸಿನ ಮರದ ಡ್ರಮ್ಮಿನ ಪೈಪಿಗೆ ಒಂದು ನಲ್ಲಿ. ಪಾತ್ರೆ ಬೋರಲು ಹಾಕೋಕೆ ಮಷೀನಿನ ಎರಡು ಅಟ್ಟಣಿಗೆ ಪಕ್ಕದಲ್ಲೇ.

ಅಮ್ಮ ನಲ್ಲಿ ತಿರುಗಿಸಿ, ನೀರು ಬೀಳೋದು ನೋಡಿ, ಚರಂಡಿ ತನಕ ನಡೆದುಹೋಗಿ ಅದು ಹೊರಗೆ ಬರೋದನ್ನೂ ನೋಡಿ ಬಂದ್ಲು. "ಇದು ವಾಪಸ್ ಬರಲ್ಲ ತಾನೇ?"

"ಬರಲ್ಲ ಅಮ್ಮ."

"ಈಗ ರಿಪೇರಿ ಆಯ್ತು ನೋಡು" ಅಂದ್ಲು.

ಹನ್ನೊಂದು ದಿನವೂ ಅಮ್ಮನೇ ನಿಂತು ತೊಳೆದ್ಲು, ಕಂಚಿನ ತಟ್ಟೆಯನ್ನ ಎಲ್ಲಕ್ಕಿಂತ ಮೊದಲು, ಮೀನಿನ ಪಾತ್ರೆಯನ್ನ ಕೊನೆಗೆ. ಸೊಸೆ ಹತ್ರ ಬಂದ್ರೆ ಸೌಟು ಎತ್ತಿ ಓಡಿಸೋಳು. ಒಂದೊಂದು ಹೊತ್ತು ನಾನು ನಿಲ್ತಿದ್ದೆ. ವಿಚಿತ್ರ ಅಂದ್ರೆ, ಬಾಗಿಲು ತೆರೆದೇ ಇದ್ರೂ ಯಾರೂ ನಗಲಿಲ್ಲ. ತಾಳಗುಪ್ಪದ ಅದೇ ಗಿರಾಕಿ ಮತ್ತೆ ಬಂದ್ರು. ಬಿಳೀ ಪೆಟ್ಟಿಗೆ ಮುಂದೆ ನಿಂತಿದ್ದ ನನ್ನನ್ನ ನೋಡಿ ದೂರದಲ್ಲೇ ನಿಂತು ಗೌರವದಿಂದ ಕೇಳಿದ್ರು, "ಮಷೀನು ನಡೆಸ್ತಿದೀರಾ? ನಡೆಸಿ, ನಡೆಸಿ, ಆಮೇಲೆ ಬರ್ತೀನಿ."

ಪರೀಕ್ಷೆ ದಿನ ಮೂರೂ ಜನ ಹೊಸನಗರದ ಮೇಲೆ ಹೋಗೋ ಬಸ್ಸಲ್ಲಿ ತೀರ್ಥಹಳ್ಳಿಗೆ ಹೋದ್ವಿ. ನೀನ್ಯಾಕೆ ಅಂದ್ರೆ ಅಮ್ಮ, "ಹೊಳೇಲಿ ಮುಳುಗು ಹಾಕೋಕೆ" ಅಂದ್ಲು. ಮುಳುಗು ಗಿಳುಗು ಏನೂ ಹಾಕ್ಲಿಲ್ಲ. ಪರೀಕ್ಷೆ ನಡೀತಿದ್ದ ಶಾಲೆ ಜಗಲಿ ಬಿಟ್ಟು ಅಲ್ಲಾಡ್ಲೇ ಇಲ್ಲ. ಹೆಂಡ್ತಿ ಹೊರಗೆ ಬಂದಾಗ ಮೊದಲು ಕೈ ಹಿಡಿದು ತಿರುಗಿಸಿ ನೋಡಿದೋಳು ಅಮ್ಮನೇ.

"ಬಟ್ಟೆಗೆ ಕಲೆ ಗಿಲೆ?"

"ಇಲ್ಲ ಅತ್ತೆ. ಪರೀಕ್ಷಕರು ಅಂಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ಬಿಳೀ ಬಟ್ಟೆ ಬಿಳೀನೇ ಇತ್ತು."

"ಬೂದಿ ಹಾಕಿ ತಿಕ್ಕಿದ್ದು ಯಾರು ಮತ್ತೆ" ಅಂದ್ಲು ಅಮ್ಮ. ಅಂಗಿಗೂ ಬೂದಿಗೂ ಎಂತ ಸಂಬಂಧ ಅಂತ ನಂಗೆ ಇವತ್ತಿಗೂ ತಿಳಿದಿಲ್ಲ.

ಹೆಂಡ್ತಿ ಪಾಸಾದ್ಲು. ಮಾರನೇ ವರ್ಷ ಹೊಸನಗರದ ಕಡೆ ಒಂದು ಶಾಲೇಲಿ ಹೊಲಿಗೆ ಟೀಚರ್ ಆದ್ಲು. ಅವಳು ದಿನಾ ಬೆಳಿಗ್ಗೆ ಬಸ್ಸಿಗೆ ಹೋದ ಮೇಲೆ ಮಷೀನು ನಡೆಸೋ ಕೆಲಸ ಖಾಯಂ ಆಗಿ ನಂದೇ ಆಯ್ತು. ಇವತ್ತಿಗೂ ನಂದೇ. ಪೆಟ್ಟಿಗೆ ತುಕ್ಕು ಹಿಡಿದು ಹೋಗಿದೆ, ಬೋಗುಣಿ ಬದಲಾಗಿದೆ, ಆ ಎರಡು ಅಟ್ಟಣಿಗೆ ಮಾತ್ರ ಹಂಗೇ ಇವೆ. ಅದರಲ್ಲಿ ಕಂಚಿನ ತಟ್ಟೆ ಈಗಲೂ ಎಲ್ಲಕ್ಕಿಂತ ಮೇಲೆ.

ಇಷ್ಟು ಟೈಪ್ ಮಾಡೋಕೆ ನಂಗೆ ಒಂಬತ್ತು ದಿನ ಹಿಡೀತು. ನಿಮ್ಮನೆಗೂ ಹೀಗೆ ಯಾವುದಾದ್ರೂ ಮಷೀನು ಬಂದು, ಒಂದಕ್ಕೆ ಅಂತ ತಂದಿದ್ದು ಇನ್ನೊಂದಕ್ಕೆ ಆಗಿದ್ರೆ, ಅದನ್ನ ನಿಮ್ಮ ಮನೆ ಹಿರಿಯರು ಯಾವ ಪುಡಿ ಹಾಕಿ ನಿಲ್ಲಿಸಿದ್ರು ಅಂತ ದಯವಿಟ್ಟು ಬರೆದು ತಿಳಿಸಿ. ನಿಧಾನಕ್ಕೆ ಬರೀರಿ, ನಾನು ಓದೋದೂ ನಿಧಾನವೇ.